ಸಾಬಾಣ ಬುಟ್ಟಿಯ ರಾಚವ್ವ

ರಾಚವ್ವ ಯಾರನ್ನೇ ಆಗಲಿ ಮೊದಲು ಮೂಸುತ್ತಿದ್ದಳು, ಆಮೇಲೆ ಮಾತಾಡಿಸುತ್ತಿದ್ದಳು. ಚಾಡಿ ಹೇಳಬೇಕೆಂದು ಇದನ್ನು ಬರೆಯುತ್ತಿಲ್ಲ, ಆಕೆಯ ಕೆಲಸವೇ ಅದು. ಆದರೆ ಕೆಲಸ ಮುಗಿದ ಮೇಲೂ ಮೂಗಿಗೆ ರಜೆ ಕೊಡದಿದ್ದರೆ ಜೊತೆಯಲ್ಲಿ ಇರುವವರ ಪಾಡೇನು ಎಂದು ಆಕೆ ಒಮ್ಮೆಯಾದರೂ ಯೋಚಿಸಬೇಕಿತ್ತು. ನಾನಂತೂ ಬೇಗ ಸಿಟ್ಟಿಗೇಳುವ ಹೆಂಗಸು. ಬೆಳಗ್ಗೆ ಬೆಳಗ್ಗೆ ನನ್ನ ಹೆರಳಿನ ಹತ್ತಿರ ಮೂಗು ತಂದು 'ಹೂಂ' ಅಂದರೆ ಯಾರಿಗೆ ತಡೆದೀತು?

ಮುಂಬಯಿಯ ಗೋರೆಗಾಂವ್ ಪೂರ್ವದಲ್ಲಿ ಬಿಲ್ಡಿಂಗುಗಳು ಮುಗಿದು ಗುಡ್ಡ ಶುರುವಾಗುವ ಕಡೆ ನಮ್ಮ ಕ್ಯಾಂಪು ಇದೆ. ಹಿಂದೆ ಅದೊಂದು ಚಿಕ್ಕು ತೋಟ. ದಾದರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಬೆಳಗಾವಿಯ ಅನಿಲಕುಮಾರರು ಅದನ್ನು ಬಾಡಿಗೆಗೆ ಹಿಡಿದು ಮರಗಳ ನಡುವೆ ಟೆಂಟು ಹಾಕಿಸಿದರು. ಶನಿವಾರ ಜನ ಬರುತ್ತಾರೆ, ಟೆಂಟಿನಲ್ಲಿ ಮಲಗುತ್ತಾರೆ, ಹಲ್ಲಿ ಲೊಚಗುಟ್ಟಿದರೂ ಚಿರತೆ ಬಂತೆಂದು ಎದ್ದು ಕೂರುತ್ತಾರೆ, ಭಾನುವಾರ ಲೋಕಲ್ ಹಿಡಿದು ಮನೆಗೆ ಹೋಗುತ್ತಾರೆ. ನಾನು ಧಾರವಾಡದ ಶಿವಕುಮಾರಿ, ಅಲ್ಲಿಯ ಅಡುಗೆಯವಳು.

ತೋಟದ ಅಂಚಿನಲ್ಲಿ ಒಂದು ಹಳ್ಳವಿದೆ. ಮಳೆಗಾಲದಲ್ಲಿ ಅದರ ಅಬ್ಬರ ಕೇಳಿಯೇ ಎದೆ ನಡುಗುತ್ತದೆ. ದೀಪಾವಳಿಯ ಹೊತ್ತಿಗೆ ಬಡಕಲಾಗಿ, ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ತೊಟ್ಟಿಕ್ಕುತ್ತ ಸಾಗುತ್ತದೆ. ಅದೇ ನೀರು ಕೆಳಗಿನ ಪಾಡಾಕ್ಕೆ, ಅಂದರೆ ವಾರ್ಲಿ ಆದಿವಾಸಿಗಳ ಕೇರಿಗೆ ಹೋಗುತ್ತದೆ. ಅವರ ದನಕ್ಕೆ ಅದೇ ನೀರು, ಅವರ ಸಾರಿಗೆ ಅದರಲ್ಲಿರುವ ಮೀನು. ಕ್ಯಾಂಪು ಶುರುವಾದ ದಿನ ಪಾಡಾದ ಹಿರಿಯ ಜಾನು ದಾದಾ ಬಂದು ಒಂದೇ ಮಾತು ಹೇಳಿದ್ದ: ನೀರು ಕೆಡಬಾರದು, ಕೆಟ್ಟರೆ ಕೆಡಿಸಿದವರು ಇಲ್ಲಿರಬಾರದು. ಅನಿಲಕುಮಾರರು ಒಪ್ಪಿದರು. ಒಪ್ಪಿದ ಮಾತನ್ನು ಕಾಯುವುದಕ್ಕೆ ರಾಚವ್ವನನ್ನು ಗೇಟಿನಲ್ಲಿ ಕೂರಿಸಿದರು.

ಆಕೆಯ ಪಕ್ಕದಲ್ಲಿ ಬಿದಿರಿನ ಒಂದು ದೊಡ್ಡ ಬುಟ್ಟಿ. ಬಂದವರು ತಮ್ಮ ಸಾಬೂನು, ಶಾಂಪೂ, ಮುಖ ತೊಳೆಯುವ ಜೆಲ್ಲು, ಎಲ್ಲವನ್ನೂ ಅದರಲ್ಲಿ ಹಾಕಬೇಕು, ಹೋಗುವಾಗ ತೆಗೆದುಕೊಳ್ಳಬೇಕು. ಸೊಳ್ಳೆಯ ಕ್ರೀಮು ಹಚ್ಚಿಕೊಂಡವರು ಹಳ್ಳಕ್ಕೆ ಕಾಲಿಡುವ ಹಾಗಿಲ್ಲ. ಒದ್ದೆ ಟಿಶ್ಯೂವಿನಲ್ಲಿ ಮೈ ಒರೆಸಿಕೊಂಡವರು ಆ ಟಿಶ್ಯೂವನ್ನು ತಮ್ಮ ಚೀಲದಲ್ಲೇ ಮನೆಗೆ ಒಯ್ಯಬೇಕು. ಸ್ನಾನ ಬೇಕೇ ಬೇಕು ಎನ್ನುವವರಿಗೆ ಹಳ್ಳದಿಂದ ದೂರ, ಬಾಳೆಗಿಡಗಳ ಪಕ್ಕ, ತಾಡಪತ್ರಿ ಕಟ್ಟಿದ ಬಚ್ಚಲು ಇತ್ತು. ಒಬ್ಬರಿಗೆ ಒಂದು ಬಕೆಟ್ ನೀರು, ಚೂರು ಸಾಬೂನು. ಆ ನೀರು ಜಲ್ಲಿಕಲ್ಲಿನ ಗುಂಡಿಯಲ್ಲಿ ಇಳಿದು ಬಾಳೆಯ ಬುಡಕ್ಕೆ ಹೋಗಬೇಕೇ ಹೊರತು ಹಳ್ಳದ ಮುಖ ನೋಡಬಾರದು.

ಜನ ಮೋಸ ಮಾಡದೆ ಇರುತ್ತಾರೆಯೇ? ಸಾಕ್ಸಿನೊಳಗೆ ಶಾಂಪೂ ಪುಡಿಕೆ ತುರುಕಿಕೊಂಡು ಬಂದವರಿದ್ದರು. ಒಬ್ಬ ಬ್ಯಾಂಕಿನ ಸಾಹೇಬರು ಸಾಬೂನನ್ನು ಚಪಾತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ರಾಚವ್ವ ಡಬ್ಬಿಯ ಮುಚ್ಚಳ ತೆಗೆಯದೆಯೇ ಹಿಡಿದಳು.

"ಸಾಹೇಬ್ರ, ನಿಮ್ಮ ಮನ್ಯಾಗ ಚಪಾತಿಗೆ ಗಂಧದ ಎಣ್ಣಿ ಹಾಕ್ತಾರೇನ್ರಿ?"

ಸಾಹೇಬರಿಗೆ ಕನ್ನಡ ಬರುತ್ತಿತ್ತು. ಬಾರದೆ ಇದ್ದಿದ್ದರೆ ಅವರ ಪುಣ್ಯ. ಅಂದಿನಿಂದ ನಾನು ಚಪಾತಿ ಬಡಿಸಿದಾಗಲೆಲ್ಲ ಅವರ ಹೆಂಡತಿ ಮೂಸಿ ನೋಡಿ ತಿನ್ನುತ್ತಿದ್ದರು.

ಆಕೆಯ ಕಾನೂನು ನನಗೂ ಇತ್ತು. ಪಾತ್ರೆ ತೊಳೆಯಲು ಅಂಗಡಿಯ ಪುಡಿ ಮುಟ್ಟುವಂತಿಲ್ಲ, ಬೂದಿಯೇ ಆಗಬೇಕು. ಬೂದಿ, ಕಡಲೆಹಿಟ್ಟು, ಸೀಗೆಕಾಯಿ, ಅಂಟುವಾಳ ಇವು ಊರಿನ ವಸ್ತುಗಳು, ಇವುಗಳಿಂದ ಕೇಡಿಲ್ಲ ಎಂಬುದು ಆಕೆಯ ನಂಬಿಕೆ. ಕಾರ್ಖಾನೆಯಿಂದ ಬಂದದ್ದೆಲ್ಲ ಕಳ್ಳ, ಗಿಡದಿಂದ ಬಿದ್ದದ್ದೆಲ್ಲ ಸಾಧು. ಇಡೀ ಲೋಕದಲ್ಲಿ ಆಕೆ ಅನುಮಾನ ಪಡದೆ ಬಿಟ್ಟದ್ದು ಇಷ್ಟನ್ನೇ.

ಈ ಅನುಮಾನ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದ್ದೆ. ಕೇಳಿದ್ದಲ್ಲ, ರೇಗಿದ್ದೆ. ಆಕೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದವಳು ತಲೆ ಎತ್ತದೆ ಹೇಳಿದಳು. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹಳ್ಳಿಯಿಂದ ಗಂಡನ ಜೊತೆ ಮುಂಬಯಿಗೆ ಬಂದಾಗ ಆಕೆಗೆ ಇನ್ನೂ ಚಿಕ್ಕ ವಯಸ್ಸು. ಗಂಡ ಗೌಂಡಿ, ಈಕೆ ಇಟ್ಟಿಗೆ ಹೊರುವವಳು. ಗೋರೆಗಾಂವಿನ ಎಷ್ಟೋ ಬಿಲ್ಡಿಂಗುಗಳಿಗೆ ಬಾತ್ರೂಮು ಕಟ್ಟಿದವರು ಸ್ವತಃ ಬಯಲಲ್ಲಿ ಮೈ ತೊಳೆಯುತ್ತಿದ್ದರು. ಸೂರ್ಯ ಹುಟ್ಟುವ ಮೊದಲು, ತಗಡಿನ ಮರೆಯಲ್ಲಿ, ಸೀರೆ ಸುತ್ತಿಕೊಂಡೇ, ಅರ್ಧ ಬಕೆಟ್ ನೀರಿನಲ್ಲಿ. ಒಬ್ಬಳು ನೀರು ಹಾಕಿಕೊಳ್ಳುವಾಗ ಇನ್ನೊಬ್ಬಳು ಬೆನ್ನು ತಿರುಗಿಸಿ ಕಾವಲು ನಿಲ್ಲಬೇಕು.

"ವಾಚ್‌ಮನ್ ಒಬ್ಬಾಂವ ಇದ್ದ ಶಿವಕ್ಕ. ನನಗ ತಂಗಿ ಅಂತಿದ್ದ. ಊರಿಂದ ಬಂದಾಗ ಖಾರದ ಪುಡಿ ತಂದು ಕೊಟ್ಟಿದ್ದೆ ಅವ್ಗ. ಒಂದಿನ ತಗಡಿನಾಗ ತೂತು ಕಂಡೆ. ತೂತಿನ ಆಚೆ ಕಣ್ಣು. ಆ ಕಣ್ಣು ಯಾರದು ಅಂತ ನನಗ ಕೂಡ್ಲೆ ಗುರುತು ಹತ್ತಿತು."

ಆಮೇಲೆ ಆಕೆ ಮೆಣಸಿನಕಾಯಿಯ ಮೊರವನ್ನು ನನ್ನ ಕಡೆ ತಳ್ಳಿ ಎದ್ದು ಹೋದಳು. ನನಗೆ ಸಂಕಟವಾಯಿತು. ನಮ್ಮ ಬಚ್ಚಲಿಗೆ ಎರಡೆರಡು ಪದರ ತಾಡಪತ್ರಿ ಯಾಕೆ, ಹೆಂಗಸರು ಒಳಗೆ ಹೋದಾಗ ಆಕೆ ಹೊರಗೆ ಬೆನ್ನು ತಿರುಗಿಸಿ ಯಾಕೆ ನಿಲ್ಲುತ್ತಾಳೆ ಎಂದು ಅವತ್ತು ತಿಳಿಯಿತು. ಆದರೂ ಮರುದಿನ ನನ್ನ ಹೆರಳು ಮೂಸಿದಾಗ ಮತ್ತೆ ಸಿಟ್ಟು ಬಂತು.

ಗಂಡ ತೀರಿಕೊಂಡ ಮೇಲೆ ಆಕೆಗೆ ಉಳಿದವನು ಮಗ ಸಂತು. ಕ್ಯಾಂಪಿನಲ್ಲಿ ಟೆಂಟು ಹಾಕುವುದು, ಬಿಚ್ಚುವುದು ಅವನ ಕೆಲಸ. ಆ ವರ್ಷ ಮಳೆಗಾಲಕ್ಕೆ ಮೊದಲು ಅವನು ಯಕ್ಷಿತಾಳನ್ನು ಮದುವೆಯಾಗಿ ಕರೆತಂದ. ಬೈಕುಲ್ಲಾದಲ್ಲಿ ಹುಟ್ಟಿ ಬೆಳೆದ ಹುಡುಗಿ. ಉಡುಪಿ ಕಡೆಯವರು, ಮನೆಯಲ್ಲಿ ತುಳು, ಅಪ್ಪ ಅಲ್ಲಿಯ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಮದುವೆ ಅವರಿಗೆ ಬೇಡವಾಗಿತ್ತು. ಮನೆಯ ಬಾಗಿಲು ಮುಚ್ಚಿಕೊಂಡರು. ಸಂತು ಮತ್ತು ರಾಚವ್ವನ ಒಂದೇ ಖೋಲಿಯಲ್ಲಿ ಈಗ ಮೂವರು.

ಯಕ್ಷಿತಾ ಬಂದವರಿಗೆ ಟೆಂಟು ತೋರಿಸುವುದು, ಫೋನಿನಲ್ಲಿ ಬುಕಿಂಗ್ ನೋಡುವುದು ಮಾಡುತ್ತಿದ್ದಳು. ಅವಳ ಕೂದಲು ಸೊಂಟ ಮುಟ್ಟುತ್ತಿತ್ತು, ಯಾವಾಗಲೂ ಘಮಘಮ. ರಾಚವ್ವನ ನಿದ್ದೆ ಕೆಡಿಸಲು ಅಷ್ಟು ಸಾಕಾಯಿತು. ಸೊಸೆ ಎಲ್ಲಿ ತಲೆ ತೊಳೆಯುತ್ತಾಳೆ, ಯಾವಾಗ ತೊಳೆಯುತ್ತಾಳೆ, ಖೋಲಿಯ ನಲ್ಲಿಯಲ್ಲೋ ಹಳ್ಳದಲ್ಲೋ? ಇದರ ಮೇಲೆ ಅವಳ ಚೀಲದಲ್ಲಿ ಒಂದು ಹಸಿರು ಬಾಟಲಿ. ಕ್ಯಾಂಪಿಗೆ ಬರುವವರಿಗಾಗಿಯೇ ಮಾಡಿದ ಸಾಬೂನಂತೆ, ಮಣ್ಣಿನಲ್ಲಿ ಕರಗಿಹೋಗುತ್ತದಂತೆ.

"ಇದು ನೇಚರ್‌ಗೆ ಒಳ್ಳೇದು ಅತ್ತೆ. ಆದ್ರೂ ನದಿಯಲ್ಲಿ ಹಾಕ್ಬಾರ್ದಂತೆ. ಮತ್ಲಬ್, ದೂರ ಹೋಗಿ ಮಣ್ಣಲ್ಲೇ ಚೆಲ್ಬೇಕು. ಇಲ್ಲಿ ಬರ್ದಿದ್ದಾರೆ ನೋಡಿ" ಎಂದು ಯಕ್ಷಿತಾ ತೋರಿಸಿದಳು.

"ಬಾಟ್ಲಿ ಮ್ಯಾಲ ಏನ್ ಬೇಕಾದ್ರೂ ಬರೀತಾರ" ಎಂದು ರಾಚವ್ವ ಮೂಸಿ ಮುಖ ಕಿವುಚಿದಳು. "ಒಳ್ಳೇದಿದ್ರ ಹೊಳಿಗೆ ಯಾಕ ಬ್ಯಾಡ? ಹೊಳಿಗೆ ಬ್ಯಾಡಂದ್ರ ಒಳ್ಳೇದು ಹೆಂಗಾತು?"

ಆದರೆ ಬಾಟಲಿಯನ್ನು ಬುಟ್ಟಿಗೆ ಹಾಕಲಿಲ್ಲ. ಬಚ್ಚಲಿಗೆ ಹೋಗುವವರಿಗೆ ಸಾಬೂನಿನ ಚೂರಿನ ಬದಲು ಅದರಿಂದಲೇ ಒಂದೆರಡು ಹನಿ ಕೊಡಿ ಎಂದು ಅನಿಲಕುಮಾರರು ಹೇಳಿದ್ದರು. ಹಾಗಾಗಿ ಕ್ಯಾಂಪಿನಲ್ಲಿ ಬುಟ್ಟಿಯ ಹೊರಗೆ ಉಳಿದ ಸಾಬೂನು ಅದೊಂದೇ. ರಾಚವ್ವ ದಿನಾ ಆ ಚೀಲದ ಕಡೆ ನೋಡುತ್ತಿದ್ದಳು. ಬಾಟಲಿ ಎಷ್ಟು ಇಳಿದಿದೆ ಎಂದು ನನ್ನ ಬಳಿ ವರದಿ ಒಪ್ಪಿಸುತ್ತಿದ್ದಳು.

ದೀಪಾವಳಿಗೆ ದಾದರಿನ ಕಡೆಯ ಕೆಲವು ಕನ್ನಡ ಮನೆತನದವರು ಕ್ಯಾಂಪಿಗೆ ಬರುತ್ತೇವೆಂದರು. ಅನಿಲಕುಮಾರರೂ ಜೊತೆಗೆ ಬಂದರು. ನೀರು ತುಂಬುವ ಹಬ್ಬದ ಸಂಜೆ ರಾಚವ್ವ ನನ್ನ ಅಡುಗೆಮನೆಯ ಅತಿ ದೊಡ್ಡ ಪಾತೇಲಿ ಎತ್ತಿಕೊಂಡು ಹೋದಳು. ದಾದರಿನಿಂದ ತರಿಸಿದ ಅಂಟುವಾಳ, ಸೀಗೆಕಾಯಿ ಎಲ್ಲ ಕುಟ್ಟಿ ಅದರಲ್ಲಿ ನೆನೆಹಾಕಿದಳು. ನೊರೆ ಅಂಚಿಗೆ ಬಂತು.

"ಇಷ್ಟೆಲ್ಲಾ ಯಾರಿಗೆ?" ಎಂದು ಕೇಳಿದೆ.

"ಬಂದ ಹೆಣಮಕ್ಕಳಿಗೆಲ್ಲಾ ನಾನ ಎಣ್ಣಿ ಹಚ್ಚಿ ಎರೀತೀನಿ. ಮತ್ತ ಇವಳಿಗೂ." ಇವಳು ಎಂದರೆ ಸೊಸೆ. ಆಕೆ ಹೆಸರು ಹಿಡಿಯುತ್ತಿರಲಿಲ್ಲ. "ಮೊದಲನೇ ದೀಪಾವಳಿ. ತವರಿನವ್ರು ಕರೀಲಿಲ್ಲ. ನಾನೂ ಎರೀಲಿಲ್ಲ ಅಂದ್ರ ಆ ಹುಡುಗಿ ಒಣ ತಲೀಲೆ ಹಬ್ಬ ಮಾಡ್ಬೇಕೇನು?"

ಬಚ್ಚಲಲ್ಲಿ ಇಷ್ಟು ಜನರಿಗೆ ಹೇಗಾಗುತ್ತದೆ ಎಂದೆ. ಬಚ್ಚಲಲ್ಲಿ ಅಲ್ಲ, ಹಳ್ಳದ ಹಾಸುಬಂಡೆಯ ಮೇಲೆ ಎಂದಳು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹಳ್ಳದಲ್ಲಿ ಬಾಯಿ ಮುಕ್ಕಳಿಸಿದವರ ಜೊತೆ ಜಗಳ ಆಡಿದವಳು ಈಕೆ.

ಪಕ್ಕದಲ್ಲಿದ್ದ ಯಕ್ಷಿತಾ ಮೆಲ್ಲಗೆ ಕೇಳಿದಳು: "ಅತ್ತೆ, ಇದಕ್ಕೂ ನೊರೆ ಬರ್ತದಲ್ವಾ? ಅಲ್ಲೇ ಬಾಳೆ ಹತ್ರ ಮಾಡೋಣ?"

"ಗಿಡದ ಕಾಯಿಗೂ ಬಾಟ್ಲಿ ಸಾಬಾಣಕ್ಕೂ ಫರಕ್ ಗೊತ್ತಿಲ್ಲ ನಿನಗ. ನಮ್ಮವ್ವ, ಅವರವ್ವ, ಎಲ್ಲಾರೂ ಇದನ್ನ ಹಚ್ಚಿ ಹಳ್ಳದಾಗ ಎರಕೊಂಡವ್ರು." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ವರ್ಷಾನುಗಟ್ಟಲೆ ತಗಡಿನ ಹಿಂದ ಕಳ್ಳರಂಗ ಮೈ ತೊಳದೀನಿ ಶಿವಕ್ಕ. ಹಬ್ಬದ ಒಂದಿನಾರ ಬಯಲಾಗ, ಹರಿಯೋ ನೀರಿನ ದಂಡ್ಯಾಗ, ಹೆದರಿಕಿ ಇಲ್ದ ಹೆಣಮಕ್ಕಳೆಲ್ಲಾ ಕೂಡಿ ಎರಕೋಬೇಕು ಅಂತ ಆಸೆ."

ನಾನು ಎಣ್ಣೆಯ ಗಿಂಡಿ ತುಂಬಿ ಆಕೆಯ ಪಕ್ಕಕ್ಕಿಟ್ಟೆ.

ಬೆಳಕು ಹರಿಯುವಾಗ ಗಂಡಸರನ್ನೆಲ್ಲ ಗೇಟಿನ ಆಚೆ ಕಳಿಸಿ, ಸಂತುವನ್ನು ಕಾವಲಿಗೆ ನಿಲ್ಲಿಸಿದರು. ಹೆಂಗಸರು, ಮಕ್ಕಳು ಬಂಡೆಯ ಮೇಲೆ ಸಾಲಾಗಿ ಕೂತೆವು. ರಾಚವ್ವ ಸೆರಗು ಸಿಕ್ಕಿಸಿ ಒಬ್ಬೊಬ್ಬರ ನೆತ್ತಿಗೆ ಎಣ್ಣೆ ತಟ್ಟಿದಳು, ಆರತಿ ಎತ್ತಿದಳು, ಅಂಟುವಾಳದ ನೀರು ಹಾಕಿ ತಿಕ್ಕಿದಳು. ಏನು ಕೈ ಅವು! ತಲೆಯೊಳಗಿನ ಚಿಂತೆಯೂ ಕೊಚ್ಚಿಹೋಗುವಂತೆ ತಿಕ್ಕುತ್ತಿದ್ದಳು. ದಾದರಿನ ಹೆಂಗಸರು ಸಣ್ಣ ಹುಡುಗಿಯರಂತೆ ಕಿರುಚಿ ನಕ್ಕರು. ಯಕ್ಷಿತಾಳಿಗೆ ಕೊನೆಯಲ್ಲಿ ಎರೆದಳು, ಎಲ್ಲರಿಗಿಂತ ಹೆಚ್ಚು ಹೊತ್ತು ಎರೆದಳು. ಆ ಹುಡುಗಿ ಕಣ್ಣು ಮುಚ್ಚಿ ಕೂತಿದ್ದಳು. ಅವಳ ಕೆನ್ನೆಯ ಮೇಲೆ ಇಳಿದದ್ದು ಸೀಗೆಯ ನೀರೋ ಬೇರೆಯದೋ ನನಗೆ ಗೊತ್ತಾಗಲಿಲ್ಲ. ನೊರೆ ಬಂಡೆಯಿಂದ ಜಾರಿ ಕೆಳಗಿನ ಗುಂಡಿಗೆ ಹೋಯಿತು. ಹೋಗುವುದನ್ನು ಎಲ್ಲರೂ ನೋಡಿದೆವು, ಯಾರಿಗೂ ಏನೂ ಅನ್ನಿಸಲಿಲ್ಲ.

ಅವಲಕ್ಕಿ, ಚಕ್ಕುಲಿ ತಿಂದು ಮುಗಿಸುವ ಹೊತ್ತಿಗೆ ಜಾನು ದಾದಾ ಬಂದ. ಮುಖ ಕಪ್ಪಿಟ್ಟಿತ್ತು. ಕೈ ಮಾಡಿ ಕರೆದ. ಕೆಳಗಿನ ಗುಂಡಿಯಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಕೆಲವು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು. ನೊರೆಯ ಸುಳಿವಿರಲಿಲ್ಲ. ನೀರು ಬರೀ ನೀರಿನ ಹಾಗೆಯೇ ಕಾಣುತ್ತಿತ್ತು.

"ಕುಣೀ ಕೇಲಂ ಹೇ?" ಯಾರು ಮಾಡಿದ್ದು ಎಂದು ಜಾನು ದಾದಾ ಅನಿಲಕುಮಾರರನ್ನು ಕೇಳಿದ. ಅವರು ರಾಚವ್ವನನ್ನು ನೋಡಿದರು. ರಾಚವ್ವ ಗುಂಡಿಯ ದಂಡೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೀರು ಮೂಸಿದಳು. ಎದ್ದು ಓಡಿ ಬುಟ್ಟಿ ತಂದಳು. ಬುಟ್ಟಿಯಲ್ಲಿ ಎಲ್ಲರ ಸಾಬೂನು ಇಟ್ಟಂತೆಯೇ ಇತ್ತು. ಆಕೆಯ ಕಣ್ಣು ಅಲ್ಲಿ ನಿಂತಿದ್ದವರ ಮೇಲೆಲ್ಲ ಹರಿದು ಸೊಸೆಯ ಮೇಲೆ ನಿಂತಿತು.

"ಮುಂಜಾನೆ ಎರದ ಮ್ಯಾಲ ನೀ ಒಬ್ಬಾಕಿನ ಈ ಗುಂಡಿ ಕಡಿಂದ ಬರೂದ ಕಂಡೆ. ಏನ್ ಮಾಡಾಕ ಹೋಗಿದ್ದಿ?"

ಯಕ್ಷಿತಾ ಚೀಲವನ್ನು ಎದೆಗೆ ಅವಚಿಕೊಂಡಳು.

"ಚೀಲಾ ತಗೀ."

ಎಲ್ಲರೆದುರು ಯಕ್ಷಿತಾ ಚೀಲ ತೆರೆದಳು. ಬಾಚಣಿಕೆ, ಒಂದು ಒದ್ದೆ ಟವೆಲ್ಲು, ಆಮೇಲೆ ಹಸಿರು ಬಾಟಲಿ. ಅದು ಅರ್ಧಕ್ಕಿಂತ ಕೆಳಗಿತ್ತು. ರಾಚವ್ವ ಅದನ್ನು ಮೇಲೆತ್ತಿ ಹಿಡಿದಾಗ ಆಕೆಯ ಮುಖದಲ್ಲಿ ಗೆಲುವಿತ್ತು. ಅದನ್ನು ನೋಡಿ ನನಗೆ ಮೈ ಉರಿಯಿತು. ಆದರೆ ಸುಳ್ಳು ಯಾಕೆ ಹೇಳಲಿ, ಬಾಟಲಿ ನೋಡಿ ನನಗೂ ಅನುಮಾನ ಬಂತು.

"ನಾನ್ ಏನೂ ಹಾಕ್ಲಿಲ್ಲ. ಕಸಂ ಸೇ" ಎಂದು ಆಣೆ ಇಟ್ಟಳು ಯಕ್ಷಿತಾ. "ಅದು ಎಲ್ರಿಗೆ ಬಚ್ಚಲಲ್ಲಿ ಕೊಟ್ಟಿದ್ದು."

"ಮತ್ತ ಇಲ್ಲಿ ಏನ್ ಮಾಡಾಕ ಬಂದಿದ್ದಿ, ಅದನ್ನ ಹೇಳು!"

ಅದನ್ನು ಮಾತ್ರ ಅವಳು ಹೇಳಲಿಲ್ಲ. ಜಾನು ದಾದಾ ಹಳೆಯ ಮಾತನ್ನು ನೆನಪಿಸಿದ. ಅನಿಲಕುಮಾರರು ಹಣೆ ಒರೆಸಿಕೊಂಡರು.

"ಮನಿ ಮಂದಿ ಅಂತ ನೋಡ್ಲಿಕ್ಕೆ ಬರೂದಿಲ್ಲ ರಾಚವ್ವ. ಈಕಿನ್ನ ಇವತ್ತ ಕಳಿಸಿಬಿಡ್ರಿ. ಇನ್ನ ಕ್ಯಾಂಪಿಗೆ ಬರೂದು ಬ್ಯಾಡ."

"ಕ್ಯಾಂಪಿಗೆ ಅಷ್ಟ ಅಲ್ಲರಿ" ಎಂದಳು ರಾಚವ್ವ. "ನನ್ನ ಖೋಲಿಗೂ ಬ್ಯಾಡ. ಎರದ ಕೈ ಇನ್ನೂ ಒಣಗಿಲ್ಲ, ಅಷ್ಟರಾಗ ಮೋಸ ಮಾಡಿದಾಕಿ."

"ಯವ್ವಾ..." ಎಂದ ಸಂತು.

"ನೀ ಸುಮ್ನಿರು."

ಅವನು ಸುಮ್ಮನಾದ. ಅವನ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು ನನಗೆ.

ನಾನು ಯಕ್ಷಿತಾಳ ಹಿಂದೆಯೇ ಟೆಂಟಿಗೆ ಹೋದೆ. ಅವಳು ಬಟ್ಟೆ ಮಡಚುತ್ತಿದ್ದಳು. ಅವಳ ಕೂದಲ ಹತ್ತಿರ ಬಗ್ಗಿದೆ. ನಾನೂ ಮೂಸಿದೆ, ನೋಡಿ. ಬರೀ ಸೀಗೆಕಾಯಿ.

"ಗುಂಡಿ ಹತ್ರ ಯಾಕ ಹೋಗಿದ್ದಿ? ನನ್ನ ಮುಂದಾದ್ರೂ ಹೇಳು."

"ಆ ಗುಂಡಿ ಹತ್ರದ ಬಂಡೆ ಮೇಲೆ ಮಾತ್ರ ನೆಟ್‌ವರ್ಕ್ ಸರಿ ಸಿಗ್ತದೆ ಆಂಟಿ. ಹಬ್ಬ ಅಂತ ಅಮ್ಮಂಗೆ ಫೋನ್ ಮಾಡ್ದೆ. ಎತ್ಲಿಲ್ಲ. ಮತ್ತೆ ಮಾಡ್ದೆ. ಸ್ವಿಚ್ ಆಫ್."

"ಹುಚ್ಚಿ, ಅಷ್ಟ ಮಂದಿ ಮುಂದ ಇದನ್ನ ಹೇಳ್ಬೇಕಿಲ್ಲೇನು?"

"ಹೇಳಿದ್ರೆ ಅತ್ತೆಗೆ ಗೊತ್ತಾಗ್ತದಲ್ವಾ, ನಂಗೆ ಹೋಗ್ಲಿಕ್ಕೆ ಬೇರೆ ಜಾಗ ಇಲ್ಲ ಅಂತ." ಅವಳು ಒಂದು ಕುರ್ತಾವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

ಕುರ್ತಾವನ್ನು ಅವಳ ಕೈಯಿಂದ ತೆಗೆದುಕೊಂಡು ನಾನೇ ಮಡಚಿಟ್ಟೆ. ಆದರೂ ಒಳಗೆ ಎಲ್ಲೋ ಒಂದು ದನಿ, ಇದೂ ಕಟ್ಟುಕಥೆ ಆಗಿದ್ದರೆ, ಎಂದು ಕೇಳಿತು. ರಾಚವ್ವನ ಜೊತೆ ಇದ್ದೂ ಇದ್ದೂ ಆಕೆಯ ರೋಗ ನನಗೂ ಅಂಟಿತ್ತು. ಹೊರಗೆ ಬಂದು ನೋಡಿದರೆ ಜಾನು ದಾದಾ ಬದುಕಿ ಉಳಿದ ಮೀನುಗಳನ್ನು ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಹಿಡಿದು ಹಾಕುತ್ತಿದ್ದ. ಹಾಸುಬಂಡೆಗಿಂತ ಮೇಲಿನ ಗುಂಡಿಯಲ್ಲಿ ನೀರು ಚೆನ್ನಾಗಿದೆ, ಅಲ್ಲಿ ಬಿಡುತ್ತೇನೆ ಎಂದ. ಒಂದೇ ಬಕೆಟ್ಟಿನಲ್ಲಿ ಹಿಡಿಸುವಷ್ಟಲ್ಲ ಅವು.

ರಾಚವ್ವ ಅಡುಗೆಮನೆಯ ಗೋಡೆಗೆ ಒರಗಿಸಿದ್ದ ದೊಡ್ಡ ಪಾತೇಲಿ ತಂದಳು. ಬೆಳಗ್ಗೆ ಅಂಟುವಾಳ ಖಾಲಿಯಾದ ಮೇಲೆ ಅವಸರದಲ್ಲಿ ಒಂದು ಚೆಂಬು ನೀರು ಚಿಮುಕಿಸಿ ಇಟ್ಟಿದ್ದಳು. ಮೇಲಿನ ಗುಂಡಿಯ ತಿಳಿನೀರನ್ನೇ ಅದಕ್ಕೆ ತುಂಬಿ ತಂದಳು. ಬೊಗಸೆಯಲ್ಲಿ ಒಂದೊಂದೇ ಮೀನು ಹಿಡಿದು ಒಳಗೆ ಬಿಟ್ಟಳು. ಪಾತೇಲಿಯ ಒಂದು ಕಿವಿ ಆಕೆ, ಇನ್ನೊಂದು ಕಿವಿ ನಾನು ಹಿಡಿದು ದಿಬ್ಬ ಹತ್ತಿದೆವು. ಜಾನು ದಾದಾ ಬಕೆಟ್ ಹಿಡಿದು ಮುಂದೆ ಹೋದ.

ಅರ್ಧ ದಾರಿಯಲ್ಲಿ ದಣಿವಾರಿಸಿಕೊಳ್ಳಲು ಪಾತೇಲಿ ಇಳಿಸಿದೆವು. ಜಾನು ದಾದಾನ ಬಕೆಟ್ಟಿನಲ್ಲಿ ಮೀನುಗಳು ಚೇತರಿಸಿಕೊಂಡು ಸುತ್ತು ಹಾಕುತ್ತಿದ್ದವು, ಒಂದಂತೂ ಎಗರಿ ಅವನ ಕೈಗೆ ಬಡಿಯಿತು. ನಮ್ಮ ಪಾತೇಲಿಯಲ್ಲಿ ಅವು ಓರೆಯಾಗಿದ್ದವು. ನೋಡುತ್ತಿದ್ದ ಹಾಗೆ ಒಂದು ಹೊಟ್ಟೆ ಮೇಲೆ ಮಾಡಿತು. ಇನ್ನೊಂದು. ನೀರು ಕುಲುಕಿದ್ದಕ್ಕೆ ಅಂಚಿನುದ್ದಕ್ಕೂ ಸಣ್ಣ ಬಿಳಿ ನೊರೆ ಎದ್ದಿತ್ತು. ತಳದಲ್ಲಿ ಕುಟ್ಟಿದ ಅಂಟುವಾಳದ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು.

ಜಾನು ದಾದಾ ಮುಂದೆ ಹೋಗಿಬಿಟ್ಟ. ಅವನು ನಮ್ಮ ಕಡೆ ನೋಡಿರಲಿಲ್ಲ.

ರಾಚವ್ವ ಬೆರಳಿನಿಂದ ನೊರೆ ಮುಟ್ಟಿದಳು. ಬೆರಳನ್ನು ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದುಕೊಂಡೇ ಇದ್ದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಮೂಸಿದಳು.

"ಶಿವಕ್ಕ" ಎಂದಳು ಕೊನೆಗೆ. "ನೀ ಏನ್ ನೋಡಿದಿ?"

"ನೀ ನೋಡಿದ್ದನ್ನ."

ಆಕೆ ಸುತ್ತಲೂ ನೋಡಿದಳು. ಅಲ್ಲಿ ನಾವಿಬ್ಬರೇ. ಆ ಕ್ಷಣ ಆಕೆ ಏನು ಯೋಚಿಸಿದಳೋ ದೇವರಿಗೇ ಗೊತ್ತು. ನನಗಂತೂ ಖಾತ್ರಿಯಾಗಿತ್ತು, ಮುಚ್ಚಿಹಾಕುತ್ತಾಳೆ ಎಂದು. ಪಾತೇಲಿ ಬಗ್ಗಿಸಿ ನೀರು ಚೆಲ್ಲಿದರೆ ಮುಗಿಯಿತು. ಗುಂಡಿಯ ನೊರೆ ಯಾವಾಗಲೋ ಹೋಗಿದೆ. ಸೊಸೆ ಹೇಗೂ ಹೊರಟಿದ್ದಾಳೆ. ಬಾಟಲಿ ಎಲ್ಲರ ಕಣ್ಣ ಮುಂದಿದೆ. ನಾನು ಬಾಯಿ ಬಿಟ್ಟರೂ ಅಡುಗೆಯವಳ ಹೊಟ್ಟೆಕಿಚ್ಚು ಎನ್ನುತ್ತಾರೆ. ಆಕೆ ಪಾತೇಲಿಯ ಅಂಚಿಗೆ ಕೈ ಹಾಕಿದಾಗ ನಾನು ಅಂದುಕೊಂಡೆ, ಇಗೋ ಚೆಲ್ಲಿದಳು.

ಚೆಲ್ಲಿದಳು ನಿಜ. ಆದರೆ ಹಳ್ಳದ ಕಡೆಗಲ್ಲ, ದೂರದ ಒಂದು ಚಿಕ್ಕು ಮರದ ಹತ್ತಿರ ಒಯ್ದು ಒಣ ಮಣ್ಣಿನ ಮೇಲೆ ಹರಡಿದಂತೆ ಚೆಲ್ಲಿದಳು. ಸತ್ತ ಮೀನುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಖಾಲಿ ಪಾತೇಲಿಯನ್ನು ಸೊಂಟಕ್ಕೆ ಇಟ್ಟುಕೊಂಡು ಕೆಳಗಿಳಿದಳು. ನಾನು ಮೇಲೆ ಹೋಗಿ ಜಾನು ದಾದಾನನ್ನು ಕರೆತಂದೆ.

ಯಕ್ಷಿತಾ ಹೆಗಲಿಗೆ ಚೀಲ ಹಾಕಿಕೊಂಡು ಗೇಟಿನ ಬಳಿ ಬಂದಿದ್ದಳು. ಸಂತು ಅವಳ ಪಕ್ಕದಲ್ಲಿ ತನ್ನ ಚೀಲವನ್ನೂ ಹಿಡಿದು ನಿಂತಿದ್ದ. ಅಷ್ಟರಮಟ್ಟಿಗೆ ಬುದ್ಧಿ ಬಂದಿತ್ತು ಅವನಿಗೆ. ದಾದರಿನ ಹೆಂಗಸರು, ಅನಿಲಕುಮಾರರು ಎಲ್ಲ ಅಲ್ಲೇ ಇದ್ದರು. ರಾಚವ್ವ ನೇರವಾಗಿ ಸೊಸೆಯ ಎದುರು ಹೋಗಿ ಕೈ ಚಾಚಿದಳು. ಅತ್ತೆ ಹೊಡೆಯುತ್ತಾಳೆಂದು ಹುಡುಗಿ ಹಿಂದೆ ಸರಿದಳು.

"ಮೂಸು."

"ಏನು ಅತ್ತೆ?"

"ಇಷ್ಟ ದಿನ ನಾ ಎಲ್ಲಾರ ತಲಿ ಮೂಸೀನಿ. ಈಗ ನೀ ನನ್ನ ಕೈ ಮೂಸು. ಏನ್ ವಾಸನಿ ಬರತೈತಿ, ಎಲ್ಲಾರಿಗೂ ಕೇಳುವಂಗ ಹೇಳು."

ಯಕ್ಷಿತಾ ನನ್ನ ಮುಖ ನೋಡಿದಳು. ಇದು ಇನ್ನೊಂದು ಬಲೆಯಿರಬಹುದೆಂಬ ಹೆದರಿಕೆ ಅವಳ ಕಣ್ಣಲ್ಲಿತ್ತು. ಮೆಲ್ಲಗೆ ಬಗ್ಗಿ ಮೂಸಿದಳು.

"ಸೀಗೆಕಾಯಿ" ಎಂದಳು. "ಮತ್ತೆ... ರೀಠಾ." ಅಂಟುವಾಳಕ್ಕೆ ಅವಳು ಹೇಳುವುದು ಹಾಗೆ.

"ಇದ ಕೈಲೆ ಸತ್ತಾವ ಮೀನು" ಎಂದು ರಾಚವ್ವ ಸೆರಗು ಬಿಚ್ಚಿ ತೋರಿಸಿದಳು. ಪಾತೇಲಿಯಲ್ಲಿ ಏನಾಯಿತೆಂದು ಕನ್ನಡದಲ್ಲಿ ಒಮ್ಮೆ, ಜಾನು ದಾದಾನಿಗೆ ತನ್ನ ಮುರುಕು ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದಳು. "ಬಾಟ್ಲಿ ಅಲ್ಲ. ಈ ಹುಡುಗಿ ಅಲ್ಲ. ಬಾಳಿ ಹತ್ರ ಎರಿಯೋಣ ಅಂತ ಈಕಿ ಹೇಳಿದ್ಲು. ನಾ ಕೇಳ್ಲಿಲ್ಲ. ಗಿಡದ್ದು ಅಂದ ಕೂಡ್ಲೆ ನನಗ ಅನುಮಾನನ ಬರಲಿಲ್ಲ." ಅನಿಲಕುಮಾರರ ಕಡೆ ತಿರುಗಿದಳು. "ಕೆಡಿಸಿದವ್ರು ಹೋಗ್ಬೇಕು ಅನ್ನೂದು ಮಾತು. ನಾ ಹೊಂಟೆ. ಈಕಿ ಇರ್ತಾಳ. ಇಲ್ಲೂ ಇರ್ತಾಳ, ನನ್ನ ಖೋಲ್ಯಾಗೂ ಇರ್ತಾಳ."

ಬೆಳಗ್ಗೆ ಅದೇ ನೀರಿನಲ್ಲಿ ಕಿರುಚಿ ನಕ್ಕವರೆಲ್ಲ ತಮ್ಮ ತಮ್ಮ ಒದ್ದೆ ಕೂದಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಜಾನು ದಾದಾ ಪಾತೇಲಿಯ ತಳದಲ್ಲಿ ಬೆರಳಾಡಿಸಿ ಸಿಪ್ಪೆ ತೆಗೆದು ನೋಡಿದ. ಕ್ಷಮಿಸಿದ ಎಂದು ನಾನು ಹೇಳಲಾರೆ. ಅವನ ಮುಖ ಇನ್ನೂ ಹಾಗೆಯೇ ಇತ್ತು. ಇವಳು ಹೋದರೆ ನಾಳೆ ನಿಮ್ಮನ್ನೆಲ್ಲ ಮೂಸುವವರು ಯಾರು, ಎಂದು ಮರಾಠಿಯಲ್ಲಿ ಗೊಣಗಿದ. ಇವಳು ಇರಲಿ, ಆದರೆ ಮುಂದಿನ ಮಳೆ ಬರುವವರೆಗೆ ಕ್ಯಾಂಪಿನ ಒಬ್ಬರೂ ಹಳ್ಳಕ್ಕೆ ಇಳಿಯಬಾರದು ಎಂದು ಹೇಳಿದ. ಆಮೇಲೆ ರಾಚವ್ವನ ಕೈ ತೋರಿಸಿ, ಮೊದಲು ಅದನ್ನು ತೊಳೆದುಕೋ ಎಂದ.

ರಾಚವ್ವನಿಗೆ ಏನು ಮಾಡುತ್ತಿದ್ದೇನೆಂಬ ಎಚ್ಚರವಿರಲಿಲ್ಲ. ತಿರುಗಿ, ಹತ್ತಿರದಲ್ಲೇ ಇದ್ದ ಹಳ್ಳದ ಕಡೆ ಹೆಜ್ಜೆ ಹಾಕಿ ಬಗ್ಗಿದಳು. ಯಕ್ಷಿತಾ ಓಡಿಹೋಗಿ ಆಕೆಯ ಮುಂಗೈ ಹಿಡಿದಳು.

"ಇಲ್ಲಿ ಬೇಡ ಅತ್ತೆ."

ಹಾಗೆಯೇ ಕೈ ಹಿಡಿದು ಬಾಳೆಗಿಡಗಳ ಬಳಿಗೆ ಕರೆದುಕೊಂಡು ಹೋದಳು. ರಾಚವ್ವ ಎರಡೂ ಅಂಗೈ ಚಾಚಿ ಕೂತಳು. ಯಕ್ಷಿತಾ ಬಕೆಟ್ಟಿನಿಂದ ಮಗ್ಗು ತುಂಬಿ ಬಗ್ಗಿದಾಗ ಹೆಗಲ ಮೇಲಿನ ಚೀಲ ಜಾರಿ ಮೊಣಕೈಗೆ ಬಂತು. ಒಮ್ಮೆ ಮೇಲೆ ಎಳೆದುಕೊಂಡಳು, ಮತ್ತೆ ಜಾರಿತು. ಆಗ ಅದನ್ನು ತೆಗೆದು ಕೆಳಗಿಟ್ಟು ನೀರು ಹಾಕತೊಡಗಿದಳು.